ಗ್ಯಾಸ್ಕೆಟ್ ಹೋಗಿದೆ ಸಾರ್!

ಎಸ್ಟಿಮೇಟ್ ಹಾಳೆಯ ಕೊನೆಯಲ್ಲಿ 41,600 ರೂಪಾಯಿ ಎಂದಿತ್ತು. ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್, ಹೋಸ್ ಪೈಪು, ಒಂದೊಂದಕ್ಕೂ ಒಂದೊಂದು ಸಾಲು, ಲೇಬರ್ ಬೇರೆ. ಇಷ್ಟು ಬರೆಯುವ ಮೊದಲು ಆ ವರ್ಕ್‌ಶಾಪಿನವರು ಬಾನೆಟ್ ಎತ್ತಿ ನೋಡಿ, ‘ಹೀಟ್ ಆಗುತ್ತಾ? ಗ್ಯಾಸ್ಕೆಟ್ ಹೋಗಿದೆ ಸಾರ್’ ಎಂದಿದ್ದರು, ಅಷ್ಟೇ. ಎರಡು ಲಕ್ಷಕ್ಕೆ ಮಾರಿಹೋಗುವುದೂ ಅನುಮಾನವಾದ ಸೆಕೆಂಡ್‌ಹ್ಯಾಂಡ್ ಕಾರು ಅದು. ಅದರ ಬೆಲೆಯ ಐದನೇ ಒಂದು ಪಾಲನ್ನು ಬರೀ ಊಹೆಗೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಂದೆ.

ಊಹೆ ಎಂದಿದ್ದಕ್ಕೆ ಕಾರಣವಿದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಂತರೂ ಈ ಕಾರಿನ ಟೆಂಪರೇಚರ್ ಮುಳ್ಳು ಅಲುಗುತ್ತಿರಲಿಲ್ಲ. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದರೆ ಮಾತ್ರ ಕೆಂಪು ಗೆರೆಯ ಕಡೆ ಹೊರಡುತ್ತಿತ್ತು. ಎಸಿ ಆರಿಸಿ ಹೀಟರ್ ಪೂರ್ತಿ ತಿರುಗಿಸಿದರೆ ಬೆವರು ಸುರಿಯುತ್ತಿತ್ತು, ಆದರೆ ಮುಳ್ಳು ಕೆಳಗಿಳಿಯುತ್ತಿತ್ತು. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ ತಾನೆ.

ಕಾರು ಯಾವಾಗ ಹೀಟ್ ಆಗುತ್ತದೆ ಎಂಬುದೇ ಅರ್ಧ ರೋಗಪತ್ತೆ, ಅದೂ ಪುಕ್ಕಟೆ. ನಿಂತಲ್ಲೇ ಹೀಟ್ ಆಗಿ ಓಡುವಾಗ ತಣ್ಣಗಾದರೆ ಫ್ಯಾನು, ಅದರ ರಿಲೇ, ಫ್ಯೂಸು ನೋಡಬೇಕು. ಏರಿನಲ್ಲಿ ಮಾತ್ರ ಆದರೆ ಅನುಮಾನ ರೇಡಿಯೇಟರಿನ ಮೇಲೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕೂಲೆಂಟ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ಬಣ್ಣದ ಜಿಡ್ಡಿದ್ದರೆ, ಆಗ ಗ್ಯಾಸ್ಕೆಟ್ ಮಾತು ಎತ್ತಬಹುದು. ನನ್ನ ಕಾರಿನಲ್ಲಿ ಇವೆರಡೂ ಇರಲಿಲ್ಲ.

ನಮ್ಮ ಬಡಾವಣೆಯ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ರೇಡಿಯೇಟರ್ ಕ್ಯಾಪ್ ಬಿಚ್ಚಿ ಅದರ ಸ್ಪ್ರಿಂಗ್ ಒತ್ತಿ ನೋಡಿದ. ಸಡಿಲವಾಗಿತ್ತು. ಈ ಮುಚ್ಚಳ ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 100 ಡಿಗ್ರಿಯ ಬದಲು 120ರ ಹತ್ತಿರ ಕುದಿಯುತ್ತದೆ. ಬಿಸಿ ಎಂಜಿನ್‌ನಲ್ಲಿ ಅದನ್ನು ತೆರೆದವರ ಮುಖ ಸುಡುವುದೂ ಇದೇ ಒತ್ತಡದಿಂದ. ಆಮೇಲೆ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದ; ಸೋರಿಕೆ ಇರಲಿಲ್ಲ. ಎಂಜಿನ್ ಓಡಿಸಿ, ನೀಲಿ ದ್ರವ ತುಂಬಿದ ಗಾಜಿನ ನಳಿಕೆಯನ್ನು ರೇಡಿಯೇಟರ್ ಬಾಯಿಗಿಟ್ಟ. ಸಿಲಿಂಡರಿನ ಹೊಗೆ ಕೂಲೆಂಟ್‌ಗೆ ನುಗ್ಗುತ್ತಿದ್ದರೆ ಅದು ಹಳದಿಗೆ ತಿರುಗಬೇಕು. ನೀಲಿ ನೀಲಿಯಾಗಿಯೇ ಉಳಿಯಿತು. 41,600ರ ದೊಡ್ಡ ಪಾಲು ಅಲ್ಲಿಗೇ ಕರಗಿತು.

ಕೊನೆಗೆ ಶಾಖ ಅಳೆಯುವ ಗನ್ ಹಿಡಿದು ರೇಡಿಯೇಟರಿನ ಮೈಮೇಲೆ ಸವರುತ್ತಾ ಹೋದ. ಮೇಲ್ಗಡೆ 92, ಕೆಳಮೂಲೆಯಲ್ಲಿ ಒಮ್ಮೆಲೇ 48. ನೀರು ಅತ್ತ ಹರಿಯುತ್ತಲೇ ಇರಲಿಲ್ಲ. ಬಿಚ್ಚಿ ತೋರಿಸಿದಾಗ ಕೊಳವೆಗಳ ಬಾಯಲ್ಲಿ ಬಚ್ಚಲಮನೆ ಗೀಸರಿನ ಕಾಯಿಲ್‌ಗೆ ಹಿಡಿಯುವಂಥದೇ ಬಿಳಿ ಸುಣ್ಣ. ಹಿಂದಿನ ಮಾಲೀಕರು ಕೂಲೆಂಟ್ ದುಡ್ಡು ಉಳಿಸಿ ಬೋರ್‌ವೆಲ್ ನೀರು ಹಾಕಿಕೊಂಡೇ ಓಡಿಸಿದ್ದಿರಬೇಕು. ಥರ್ಮೋಸ್ಟಾಟ್ ಇರಬೇಕಾದ ಜಾಗವೂ ಖಾಲಿ! ‘ನಮ್ಮ ಬಿಸಿಲಿಗೆ ಅದು ಬೇಡ’ ಎಂದು ಕಿತ್ತೆಸೆಯುವ ಪಂಡಿತರು ಊರೂರಿಗೂ ಇದ್ದಾರೆ. ಅದಿಲ್ಲದಿದ್ದರೆ ಎಂಜಿನ್ ಬಿಸಿಯೇರಲು ಬಹಳ ಹೊತ್ತು ಬೇಕು, ಅಷ್ಟು ಹೊತ್ತೂ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಚಳಿಗಾಲದಲ್ಲಿ ಮೈಲೇಜ್ ಬೀಳುತ್ತಿದ್ದ ಗುಟ್ಟು ಆಗ ತಿಳಿಯಿತು.

ಹೊಸ ರೇಡಿಯೇಟರ್ 5,400, ಥರ್ಮೋಸ್ಟಾಟ್ 850, ಕ್ಯಾಪ್ 280, ಕೂಲೆಂಟ್ 900, ಕೂಲಿ 1,800. ಒಟ್ಟು 9,230. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18. ನಿಮ್ಮ ಬಿಲ್ಲಿನಲ್ಲಿ ಈಗಲೂ 28 ಎಂದಿದ್ದರೆ ಯಾಕೆಂದು ಕೇಳಿ.

ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಸಾಮಾನ್ಯ ಕಾರು ಪಾಲಿಸಿಯಲ್ಲಿ ಸವಕಳಿಗೆ, ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ಪರಿಹಾರವಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂದು ಹೆಚ್ಚುವರಿಯಾಗಿ ಕೊಳ್ಳುವುದೂ ಮುಖ್ಯವಾಗಿ ನೀರು ನುಗ್ಗಿದ್ದಕ್ಕೆ, ಆಯಿಲ್ ಸೋರಿದ್ದಕ್ಕೆ. ಮುಳ್ಳು ಕೆಂಪು ಮುಟ್ಟಿದ ಮೇಲೂ ‘ಸಕಲೇಶಪುರ ಇಲ್ಲೇ ಇದೆ’ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಬಾಗಿದರೂ ಲೇತಿಗೆ ಕೊಟ್ಟು ಮಟ್ಟ ಮಾಡಿಸಲೇಬೇಕು. ನಿಜವಾಗಿ ಗ್ಯಾಸ್ಕೆಟ್ ಹೋಗುವುದು ಆಗ, ಆ ದುಡ್ಡು ಪೂರ್ತಿ ಕೈಯಿಂದಲೇ. ಪಾಲಿಸಿಯ ಜೊತೆ ಕೆಲವೇ ನೂರು ರೂಪಾಯಿಗೆ ಸಿಗುವ ರೋಡ್‌ಸೈಡ್ ಅಸಿಸ್ಟೆನ್ಸ್ ಇದಕ್ಕಿಂತ ಲಾಭದ್ದು. ಕಾರು ಆರಿಸಿ, ಫೋನ್ ಮಾಡಿ, ಟೋ ಗಾಡಿ ಬರುವವರೆಗೆ ಬದಿಗೆ ನಿಂತಿದ್ದರಾಯಿತು.

ನಮ್ಮ ಮೆಕ್ಯಾನಿಕ್‌ನ ಬಿಲ್ಲಿನಲ್ಲಿ ಪರೀಕ್ಷೆಗಳಿಗೆಂದು ಒಂದು ರೂಪಾಯಿಯೂ ಇರಲಿಲ್ಲ. ಯಾಕೆ ಹಾಕಿಲ್ಲ ಎಂದರೆ, ‘ನೋಡಿದ್ದಕ್ಕೆಲ್ಲ ಯಾರು ಸಾರ್ ಕೊಡ್ತಾರೆ, ಸಾಮಾನು ಹಾಕಿದ್ರೆ ಕೊಡ್ತಾರೆ’ ಎಂದ. ಬಲವಂತ ಮಾಡಿ 700 ರೂಪಾಯಿ ಸೇರಿಸಿ ಬರೆಸಿದೆ.