ಅಮ್ಮನ ಜತೆ ಅಂಡಮಾನಿಗೆ ಹೊರಟವಳಿಗೆ

ಅಮ್ಮನನ್ನು ಅಂಡಮಾನಿಗೆ ಕರೆದುಕೊಂಡು ಹೋಗುತ್ತೇನೆ ಅಂದೆಯಲ್ಲ ಪುಟ್ಟಿ, ಕೇಳಿ ಸಂತೋಷವಾಯಿತು. ವಾಟ್ಸ್ಆ್ಯಪಿನಲ್ಲಿ ನೀನು ಕಳಿಸಿದ ಪಟ್ಟಿ ನೋಡಿದ ಮೇಲೆ ಸ್ವಲ್ಪ ಗಾಬರಿಯೂ ಆಯಿತು. ಐದೇ ರಾತ್ರಿಗೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ನಾಲ್ಕೂ! ನಿಮ್ಮ ವಯಸ್ಸಿನವರು ನೋಡುವ ಜಾಗ ಎಣಿಸಿ ಪ್ರವಾಸ ಹೂಡುತ್ತೀರಿ. ಎಪ್ಪತ್ತು ದಾಟಿದವರನ್ನು ಕರೆದೊಯ್ಯುವಾಗ ಎಣಿಸಬೇಕಾದದ್ದು ಹತ್ತಿ ಇಳಿಯುವುದನ್ನು. ಟ್ಯಾಕ್ಸಿ ಇಳಿ, ವಿಮಾನ ಹತ್ತು, ವಿಮಾನ ಇಳಿ, ಮತ್ತೆ ಟ್ಯಾಕ್ಸಿ, ಜೆಟ್ಟಿ, ಹಡಗು, ಇನ್ನೊಂದು ಜೆಟ್ಟಿ, ಆಟೊ, ಹೋಟೆಲಿನ ಮೆಟ್ಟಿಲು. ಪಟ್ಟಿಗೆ ಒಂದು ದ್ವೀಪ ಸೇರಿಸಿದೆಯೆಂದರೆ ಇಷ್ಟೂ ಇನ್ನೊಂದು ಸುತ್ತು ಬಂತು. ಅಮ್ಮನ ಮೊಣಕಾಲು ಯಾವುದನ್ನೂ ಮನ್ನಾ ಮಾಡುವುದಿಲ್ಲ.

ಬಾರಾಟಾಂಗನ್ನು ಮೊದಲು ತೆಗೆ. ಸುಣ್ಣಕಲ್ಲಿನ ಗುಹೆ ಚೆನ್ನಾಗಿಯೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಬೆಳಗಿನ ಜಾವ ಮೂರು, ಮೂರೂವರೆಗೆಲ್ಲ ಹೊರಡಬೇಕು. ಜಿರ್ಕಟಾಂಗಿನ ಗೇಟಿನಲ್ಲಿ ಸಾಲಿನಲ್ಲಿ ಕಾದು, ಜಾರವಾ ಬುಡಕಟ್ಟಿನವರ ಮೀಸಲು ಕಾಡಿನ ನಡುವೆ ಬೆಂಗಾವಲಿನಲ್ಲಿ ಸಾಗಬೇಕು. ದಾರಿಯಲ್ಲಿ ಎಲ್ಲೂ ಇಳಿಯುವ ಹಾಗಿಲ್ಲ. ಆಮೇಲೆ ಕಡಲ ಕಾಲುವೆ ದಾಟುವ ಬಾರ್ಜು, ಆಮೇಲೆ ಸ್ಪೀಡ್ ಬೋಟು, ಆಮೇಲೆ ಕಿಲೋಮೀಟರಿಗೂ ಮಿಕ್ಕಿದ ಕಾಡುದಾರಿಯ ನಡಿಗೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ, ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕಾದ ಹೆಂಗಸಿಗೆ ಇದು ಪ್ರವಾಸವೋ ಶಿಕ್ಷೆಯೋ ನೀನೇ ಹೇಳು. ನಿನ್ನ ಚಿಕ್ಕಪ್ಪ ಲಕ್ಷದ್ವೀಪಕ್ಕೇ ಹೋಗಿ ಅಂದನಂತೆ. ಅಲ್ಲಿಗೆ ಪರ್ಮಿಟ್ ಬೇಕು, ಅದು ಹೋಗಲಿ. ಹಡಗಿನಲ್ಲಿ ಹೋದರೆ ಹಲವು ಕಡೆ ನಡುನೀರಿನಲ್ಲೇ ಚಿಕ್ಕ ದೋಣಿಗೆ ಇಳಿಯಬೇಕಾಗುತ್ತದೆ. ಅವನು ಇಳಿದು ತೋರಿಸಲಿ, ಆಮೇಲೆ ನೋಡೋಣ.

ಇನ್ನು ಹ್ಯಾವ್‌ಲಾಕ್, ನೀಲ್ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊ. 2018ರಲ್ಲಿ ಹ್ಯಾವ್‌ಲಾಕಿಗೆ ಸ್ವರಾಜ್ ದ್ವೀಪ, ನೀಲಿಗೆ ಶಹೀದ್ ದ್ವೀಪ ಎಂದು ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರೇ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮಾಡುವಾಗ ಹಳೆಯದೂ ಹೊಸದೂ ಕಣ್ಣಿಗೆ ಬೀಳುತ್ತವೆ, ಗಲಿಬಿಲಿಯಾಗಬೇಡ. ಎಲ್ಲರೂ ರಾಧಾನಗರ ಬೀಚಿನ ಹೆಸರು ಹೇಳಿ ಹ್ಯಾವ್‌ಲಾಕಿಗೇ ಓಡುತ್ತಾರೆ. ನನ್ನನ್ನು ಕೇಳಿದರೆ ನೀಲ್. ಪುಟ್ಟ ದ್ವೀಪ, ಹೆಚ್ಚು ಏರು ತಗ್ಗಿಲ್ಲ, ಗದ್ದಲ ಕಡಿಮೆ, ಆಟೊದಲ್ಲಿ ಕೂತರೆ ಎಲ್ಲ ಜಾಗವೂ ಹತ್ತಿರ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದವರನ್ನು ಸರ್ಕಾರ ಅಲ್ಲಿ ನೆಲೆ ನಿಲ್ಲಿಸಿತು. ಅವರ ಮಕ್ಕಳು ಮೊಮ್ಮಕ್ಕಳು ಬೆಳೆಯುವ ತರಕಾರಿ ಸುತ್ತಲ ದ್ವೀಪಗಳಿಗೂ ಹೋಗುತ್ತದೆ. ತೆಂಗು, ಬಾಳೆ, ಅಡಿಕೆ ಎಲ್ಲವೂ ಇವೆ. ನಾವು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಹುಟ್ಟಿದವರು. ನಿನ್ನಮ್ಮ ಸಮುದ್ರವನ್ನು ಅರ್ಧ ಗಂಟೆ ನೋಡಿಯಾಳು, ಆಮೇಲೆ ಬೇಲಿಯಾಚೆಯ ಅಡಿಕೆ ಮರದ ಕೆಳಗೆ ನಿಂತು ಕತ್ತೆತ್ತಿ ಗೊನೆ ನೋಡುತ್ತಾಳೆ. ‘ಇಷ್ಟು ಮಳೆ ಬೀಳೋ ಕಡೆ ಇವರು ಬೋರ್ಡೋ ಹೊಡೆಯೋದಿಲ್ವೇನೆ? ಕೊಳೆರೋಗ ಬರೋದಿಲ್ವಾ?’ ಅನ್ನುತ್ತಾಳೆ. ಆಗ ‘ಬಾಮ್ಮ, ಸನ್‌ಸೆಟ್ ತಪ್ಪಿಹೋಗುತ್ತೆ’ ಅಂತ ಕೈ ಹಿಡಿದು ಎಳೆಯಬೇಡ. ತೋಟದವರನ್ನು ಕರೆದು ಹಿಂದಿಯಲ್ಲಿ ಕೇಳಿ ಹೇಳು. ಅವಳ ಅಂಡಮಾನ್ ಇರುವುದು ಅಲ್ಲೇ.

ಅಲ್ಲಿನ ನ್ಯಾಚುರಲ್ ಬ್ರಿಜ್ ಮಾತ್ರ ನೀನು ಒಬ್ಬಳೇ ನೋಡಿ ಬಾ. ನೀರಿಳಿದಾಗ ಸತ್ತ ಹವಳದ ಚೂಪು ಕಲ್ಲುಗಳ ಮೇಲೆ ಕಾಲಿಡುತ್ತ ಹೋಗಬೇಕು. ಪಾಚಿಯಲ್ಲಿ ಜಾರಿದರೆ ಸೊಂಟದ ಮೂಳೆಗೇ ಪೆಟ್ಟು. ಬೀಚಿನಲ್ಲಿ ಅವಳನ್ನು ನಡೆಸುವುದಾದರೆ ನೀರಿನಂಚಿನ ಒದ್ದೆ ಮರಳಿನ ಮೇಲೆ ನಡೆಸು. ಒಣ ಮರಳಿನಲ್ಲಿ ಕಾಲು ಹೂತು ಹತ್ತು ಹೆಜ್ಜೆಗೇ ಸುಸ್ತಾಗುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸು, ಅದನ್ನು ಮನೆಯಲ್ಲೇ ಒಂದು ವಾರ ಹಾಕಿ ಓಡಾಡಲಿ. ಚಿಪ್ಪು ಹವಳ ಕಂಡರೆ ಸೆರಗಿಗೆ ಕಟ್ಟಿಕೊಂಡಾಳು. ಕಾನೂನಿನಲ್ಲಿ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಮೊದಲೇ ಹೇಳಿಬಿಡು.

ಕಡಲು ದಾಟುವ ವಿಷಯ. ಜನವರಿ, ಫೆಬ್ರವರಿಯಲ್ಲಿ ಹೋಗು, ಆಗ ಅಲೆ ಕಡಿಮೆ. ಮೇ ಕೊನೆಯಿಂದ ಮಳೆ ಹಿಡಿದರೆ ಹಡಗು ಯಾವತ್ತು ಬಿಡುತ್ತಾರೋ ಯಾವತ್ತು ನಿಲ್ಲಿಸುತ್ತಾರೋ ಗೊತ್ತಾಗುವುದಿಲ್ಲ. ಖಾಸಗಿ ಹಡಗಿನಲ್ಲಿ ಎ.ಸಿ. ಇರುತ್ತದೆ, ಒಂದು ಒಂದೂವರೆ ಗಂಟೆಗೆ ತಲುಪಿಸುತ್ತಾರೆ. ಆದರೆ ಕಿಟಕಿ ಬಿಗಿದ ಕೋಣೆಯಲ್ಲಿ ಕೂತೇ ಇರಬೇಕು. ಸರ್ಕಾರಿ ಹಡಗು ನಿಧಾನ, ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬಹುದು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂರುತ್ತಿದ್ದವಳು ನಿನ್ನಮ್ಮ, ನಾನು ಬಲ್ಲೆ. ಖಾಸಗಿಯದಾದರೆ ಕೆಳಗಿನ ಅಂತಸ್ತಿನಲ್ಲಿ ನಡುಭಾಗದ ಸೀಟು ಹಿಡಿ, ಅಲ್ಲಿ ತೂಗಾಟ ಕಡಿಮೆ. ವಾಂತಿ ತಡೆಯುವ ಮಾತ್ರೆಯನ್ನು ಮೆಡಿಕಲ್ ಶಾಪಿನವನು ಕೊಟ್ಟನೆಂದು ನುಂಗಿಸಬೇಡ. ಅದರಲ್ಲಿ ಕೆಲವು ವಯಸ್ಸಾದವರಿಗೆ ಮಂಪರು ತರಿಸುತ್ತವೆ, ತಲೆ ಕಲಸಿದ ಹಾಗೂ ಆಗುತ್ತದೆ. ಅವಳ ಡಾಕ್ಟರನ್ನೇ ಕೇಳು. ಬಿ.ಪಿ.ಗೆಂದು ಕೊಟ್ಟಿರುವ ನೀರು ಹೋಗಿಸುವ ಮಾತ್ರೆಯನ್ನು ಹಡಗಿನ ದಿನ ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕೆಂದೂ ಕೇಳು. ಇಲ್ಲದಿದ್ದರೆ ಬಾತ್‌ರೂಮಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾಳೆ. ನಮ್ಮ ವಯಸ್ಸಿನ ಹೆಂಗಸರೆಲ್ಲ ದಾರಿಯಲ್ಲಿ ಮಾಡುವುದು ಅದನ್ನೇ, ಮಕ್ಕಳಿಗೆ ಗೊತ್ತಾಗುವುದಿಲ್ಲ.

ಹೊತ್ತಿನ ವಿಷಯದಲ್ಲಿ ಮಾತ್ರ ಅಂಡಮಾನ್ ಮುದುಕರಿಗೆಂದೇ ಮಾಡಿದ ಊರು. ಗಡಿಯಾರ ನಮ್ಮದೇ, ಆದರೆ ಅಷ್ಟು ಪೂರ್ವಕ್ಕಿರುವುದರಿಂದ ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಹುಟ್ಟಿ ಮುಂಚೆಯೇ ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದೂವರೆಯ ಹೊತ್ತಿಗೆಲ್ಲ ಮಬ್ಬು. ನೀನು ಒಂಬತ್ತಕ್ಕೆ ಎದ್ದು, ಹನ್ನೊಂದಕ್ಕೆ ತಿಂಡಿ ಮುಗಿಸಿ ಹೊರಡುವ ಲೆಕ್ಕ ಹಾಕಿದರೆ ಬಿಸಿಲೂ ತಿಂದೆ, ದಿನವೂ ಹೋಯಿತು. ಅವಳು ಹೇಗೂ ಐದಕ್ಕೆ ಎದ್ದು ಕೂರುವವಳು. ಅವಳ ಜತೆ ನೀನೂ ಏಳು, ಆರು ಗಂಟೆಯ ತಂಪಿನಲ್ಲಿ ಕಡಲಂಚಿಗೆ ಕರೆದುಕೊಂಡು ಹೋಗು, ಒಂಬತ್ತಕ್ಕೆ ವಾಪಸು ಬಂದು ತಿಂಡಿ. ಮಧ್ಯಾಹ್ನ ಇಬ್ಬರೂ ಮಲಗಿ. ದಿನಕ್ಕೆ ಒಂದು ಜಾಗ ಸಾಕು.

ಅವಳನ್ನು ಕೇಳುವ ಕ್ರಮವೊಂದಿದೆ. ‘ಅಮ್ಮ, ಸುಸ್ತಾಯ್ತಾ?’ ಎಂದರೆ ಇಲ್ಲ ಅನ್ನುತ್ತಾಳೆ. ‘ಏನು ಬೇಕಮ್ಮ?’ ಎಂದರೆ ನನಗೇನೂ ಬೇಡ, ನೀನು ತಿನ್ನು ಅನ್ನುತ್ತಾಳೆ. ಅಪ್ಪನ ಮನೆಯಲ್ಲೂ ಗಂಡನ ಮನೆಯಲ್ಲೂ ಹಾಗೆ ಅಂದೇ ಬದುಕಿದವಳು, ಈಗ ಬಾಯಿಗೆ ಬೇರೆ ಮಾತು ಬರುವುದಿಲ್ಲ. ‘ನನಗೆ ಕಾಲು ನೋಯ್ತಿದೆ, ಸ್ವಲ್ಪ ಕೂರೋಣ’ ಅಂತ ನೀನೇ ಹೇಳು. ‘ಇಡ್ಲಿಯೋ ದೋಸೆಯೋ?’ ಅಂತ ಎರಡರಲ್ಲಿ ಒಂದು ಆರಿಸಲು ಬಿಡು. ಪೋರ್ಟ್ ಬ್ಲೇರಿನಲ್ಲಿ ತಮಿಳರೂ ತೆಲುಗರೂ ಬಹಳ ಇದ್ದಾರೆ, ನಮ್ಮ ತಿಂಡಿಗೆ ಕೊರತೆಯಿಲ್ಲ. ಖರ್ಚು ಕೇಳಿದರೆ ಪೂರ್ತಿ ಹೇಳಬೇಡ. ಅವಳು ರೂಮಿನ ಬಾಡಿಗೆಯನ್ನು ಅಲ್ಲೇ ಗ್ಯಾಸ್ ಸಿಲಿಂಡರಿನ ಲೆಕ್ಕಕ್ಕೆ ಇಳಿಸಿ ರಾತ್ರಿಯಿಡೀ ನಿದ್ದೆಗೆಡುತ್ತಾಳೆ. ವಿಮಾನ ನಿಲ್ದಾಣದ ಗಾಲಿಕುರ್ಚಿಯನ್ನೂ ಅವಳನ್ನು ಕೇಳಿ ನಿರ್ಧರಿಸಬೇಡ, ಟಿಕೆಟ್ ಮಾಡುವಾಗಲೇ ಹೇಳಿಡು. ನನಗೂ ಮೊದಲು ನಾಚಿಕೆಯಾಗಿತ್ತು. ನಿಮ್ಮಣ್ಣ ನನ್ನನ್ನು ಕರೆದುಕೊಂಡು ಹೋದಾಗ ಆ ಉದ್ದ ನಡಿಗೆ ತಪ್ಪಿದ್ದಕ್ಕೇ ಸಂಜೆ ಕಡಲು ನೋಡುವ ತ್ರಾಣ ಉಳಿದಿತ್ತು.

ರೂಮು ಫೋಟೊ ನೋಡಿ ಹಿಡಿಯಬೇಡ, ಫೋನ್ ಮಾಡಿ ಕೇಳು. ನೆಲಮಹಡಿಯೇ? ಬಾಗಿಲಿಗೆ ಎಷ್ಟು ಮೆಟ್ಟಿಲು? ಕಂಬಗಳ ಮೇಲೆ ಕಟ್ಟಿದ ಮರದ ಕಾಟೇಜು ಚಿತ್ರದಲ್ಲಿ ಸೊಗಸು, ರಾತ್ರಿ ಎರಡು ಗಂಟೆಗೆ ಎದ್ದವರಿಗೆ ಅಪಾಯ. ಬಚ್ಚಲಿನ ನೆಲ ಜಾರುತ್ತದೆಯೇ, ಕಮೋಡ್ ಇದೆಯೇ, ಬಕೆಟು ಚೊಂಬು ಕೊಡುತ್ತಾರೆಯೇ? ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಕೈಚೀಲಗಳಲ್ಲಿಡು, ಡಾಕ್ಟರ ಚೀಟಿ ಜತೆಯಲ್ಲಿರಲಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಪೋರ್ಟ್ ಬ್ಲೇರಿನ ಜಿ.ಬಿ. ಪಂತ್ ಆಸ್ಪತ್ರೆಗೇ ಬರಬೇಕು, ನಡುವೆ ಕಡಲಿದೆ. ಇದು ಹೆದರಿಸಲು ಹೇಳಿದ ಮಾತಲ್ಲ. ಹೊರಡುವ ಮುಂಚೆ ಬಿ.ಪಿ., ಸಕ್ಕರೆ ತೋರಿಸಿಕೊಂಡು ಹೊರಡಿ ಅಂತ.

ವಾಪಸು ಬರುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು. ಹಡಗು ರದ್ದಾದರೆ ವಿಮಾನ ಕಾಯುವುದಿಲ್ಲ. ಆ ಸಂಜೆಗೆ ಸೆಲ್ಯುಲರ್ ಜೈಲು ಇಟ್ಟುಕೊ, ಅವತ್ತು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊ. 1906ರಲ್ಲಿ ಕಟ್ಟಿ ಮುಗಿಸಿದ ಮೂರಂತಸ್ತಿನ ಜೈಲು. ಏಳು ಸಾಲಿನಲ್ಲಿ ಈಗ ಉಳಿದಿರುವುದು ಮೂರು. ಸಾವರ್ಕರರ ಕೋಣೆ ಮೇಲಿನ ಅಂತಸ್ತಿನಲ್ಲಿದೆ, ಮೆಟ್ಟಿಲು ಹತ್ತಬೇಕು. ಅವಳು ಹತ್ತುತ್ತೇನೆ ಎಂದರೆ ತಡೆಯಬೇಡ, ಹಿಂದೆ ನಿಂತಿರು. ಬೇಡವೆಂದರೆ ಅಂಗಳದಲ್ಲಿ ಕೂತು ಧ್ವನಿ-ಬೆಳಕಿನ ಪ್ರದರ್ಶನ ನೋಡಲಿ, ಸೊಳ್ಳೆಗೆ ಏನಾದರೂ ಹಚ್ಚಿಕೊಂಡು.

ಒಂದು ಬೆಳಿಗ್ಗೆ ನೀನೊಬ್ಬಳೇ ಸ್ಕೂಬಾಕ್ಕೆ ಹೋಗಿ ಬಾ. ಇಪ್ಪತ್ನಾಲ್ಕು ಗಂಟೆಯೂ ಕಾಯುವ ಮಗಳನ್ನು ಕಂಡರೆ ಅವಳಿಗೂ ಉಸಿರು ಕಟ್ಟುತ್ತದೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಹಾಕಿದ ಮೇಲೆ ಇಂಟರ್ನೆಟ್ ಪರವಾಗಿಲ್ಲ, ಆ ಹೊತ್ತಿಗೆ ನನಗೆ ವಿಡಿಯೊ ಕಾಲ್ ಹಚ್ಚಿ ಕೊಟ್ಟು ಹೋಗು.

ಇನ್ನೊಂದು. ‘ಅಕ್ಕನನ್ನೂ ಕರೆಯೋಣ’ ಅಂತ ಅವಳು ಅಂದೇ ಅನ್ನುತ್ತಾಳೆ. ಒಪ್ಪಿಕೊಳ್ಳಬೇಡ. ನಾನು ಬಂದರೆ ನಾವಿಬ್ಬರೂ ವಿಮಾನದಿಂದ ಇಳಿಯುವವರೆಗೂ ತೋಟದ ಪಾಲಿನ ಜಗಳ ಮಾತಾಡುತ್ತೇವೆ, ನೀನು ಚೀಲ ಹೊತ್ತುಕೊಂಡು ಹಿಂದೆ ಬರಬೇಕಾಗುತ್ತದೆ. ದೊಡ್ಡಮ್ಮನಿಗೆ ಮಂಡಿನೋವು ಅಂತ ಹೇಳು, ಸುಳ್ಳೇನಲ್ಲ. ಟಿಕೆಟ್ ಆದ ಮೇಲೆ ತಿಳಿಸು, ಚಟ್ನಿಪುಡಿ ಮಾಡಿ ಕಳಿಸುತ್ತೇನೆ.