ಸೋತ ಆಟದ ಲೆಕ್ಕ

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿ, ಪರ್ಷಿಯ ಮತ್ತು ಅರಬ್ಬರ ನಾಡುಗಳ ಮಾರ್ಗವಾಗಿ ಯೂರೋಪನ್ನು ಸೇರಿದ ಆಟವೆಂಬುದನ್ನು ನೀವು ಕೇಳಿರಬಹುದು. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಆ ಹೆಸರು ಬಂದಿತು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನ ದೊರೆತಿದೆ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆಟದ ಚರಿತ್ರೆಯನ್ನಲ್ಲ, ಆಡುವವನ ಮನಸ್ಸಿನ ಸಂಗತಿಯನ್ನು. ಅದಕ್ಕಾಗಿ ನನ್ನದೇ ಒಂದು ಸೋಲಿನಿಂದ ಆರಂಭಿಸಬೇಕಾಗಿದೆ.

ನಮ್ಮ ಹಳ್ಳಿ ಹೊಳೆನರಸೀಪುರಕ್ಕೆ ಮೂರು ಮೈಲಿ ದೂರ. ಬೇಸಗೆಯ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಜಗಲಿಯ ಮೇಲೆ ಚದುರಂಗದ ಹಾಸು ಬಿಚ್ಚಿಕೊಳ್ಳುತ್ತಿತ್ತು. ಆಡುವವರು ಇಬ್ಬರು, ಆಡಿಸುವವರು ಹತ್ತು ಮಂದಿ! ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ, ಅದಕ್ಕಾಗಿ ಜಗಳವಾಡುವುದೂ ಆಟದ ಭಾಗವೇ ಆಗಿತ್ತು. ಗೆದ್ದವನು ಎಲೆ ಅಡಿಕೆಯ ತಟ್ಟೆಯನ್ನು ಎಳೆದುಕೊಳ್ಳುವನು. ಸೋತವನು ಕಾಯಿಗಳನ್ನು ಕಲಸಿ ಚೀಲಕ್ಕೆ ತುಂಬುವನು. ಎಲ್ಲಿ ಸೋತೆನೆಂದು ಕೇಳುವ ವಾಡಿಕೆ ಅಲ್ಲಿ ಇರಲಿಲ್ಲ. ಈ ಜಗಲಿಯ ಆಟವೆಲ್ಲ ಗಂಡಸರದು. ಒಳಗೆ ನಡುಮನೆಯಲ್ಲಿ ನಮ್ಮ ಅಜ್ಜಿಯರು ಅಳಗುಳಿಮಣೆಯನ್ನೂ ಚೌಕಾಬಾರವನ್ನೂ ಆಡುತ್ತಿದ್ದರು. ಹುಣಿಸೆ ಬೀಜಗಳನ್ನು ಎಣಿಸದೆಯೇ ಎಷ್ಟಿವೆಯೆಂದು ಹೇಳುತ್ತಿದ್ದ ಅವರ ಕೈಗೆ ಚದುರಂಗದ ಕಾಯಿಗಳನ್ನು ಕೊಡಬೇಕೆಂದು ಯಾರಿಗೂ ತೋಚಲಿಲ್ಲವೆಂಬುದು ಈಗ ನೆನೆದರೆ ಸೋಜಿಗವೆನಿಸುತ್ತದೆ.

ನಮ್ಮ ಜಗಲಿಯ ನಿಯಮಗಳು ನಾಡಿನ ಹಳೆಯ ಪದ್ಧತಿಯವು. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಚಲಿಸಬೇಕು. ರಾಜನಿಗೆ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯುವ ಅಧಿಕಾರವುಂಟು. ಲೋಕದಲ್ಲೆಲ್ಲ ಹೀಗೆಯೇ ಆಡುತ್ತಾರೆಂದು ನಾನು ನಂಬಿದ್ದೆ. ಹದಿಮೂರನೆಯ ವಯಸ್ಸಿಗೆ ಜಗಲಿಯ ಹಿರಿಯರನ್ನೆಲ್ಲ ಸೋಲಿಸಿದ ಮೇಲೆ, ಹಾಸನದಲ್ಲಿ ಬಾಲಕರಿಗಾಗಿ ಏರ್ಪಾಡಾಗಿದ್ದ ಸ್ಪರ್ಧೆಯೊಂದಕ್ಕೆ ಹೊರಟೆ. ಕಾಲಾಳು ಮೊದಲಿಗೆ ಎರಡು ಮನೆ ನಡೆಯಬಹುದೆಂದೂ, ಪ್ರತಿ ನಡೆಯನ್ನು ಕಾಗದದ ಮೇಲೆ ಬರೆಯಬೇಕೆಂದೂ ಅಂದು ಬೆಳಗ್ಗೆ ತಿಳಿಯಿತು. ಬರೆಯುವ ಕ್ರಮವನ್ನು ಅಲ್ಲಿಯೇ ಹೇಳಿಕೊಟ್ಟರು.

ನನ್ನ ಎದುರಾಳಿ ಚನ್ನರಾಯಪಟ್ಟಣದಿಂದ ಬಂದಿದ್ದ, ನನಗಿಂತ ಎರಡು ವರ್ಷ ಕಿರಿಯ ಹುಡುಗ. ಒಂಬತ್ತನೆಯ ನಡೆಯಲ್ಲಿ ಆತನು ರಾಜನನ್ನು ಎರಡು ಮನೆ ಪಕ್ಕಕ್ಕೆ ಸರಿಸಿ, ಆನೆಯನ್ನು ರಾಜನ ಮೇಲಿಂದ ದಾಟಿಸಿ ಆಚೆ ಬದಿಯಲ್ಲಿ ಇಟ್ಟನು. ಒಂದೇ ಸಲಕ್ಕೆ ಎರಡು ಕಾಯಿ! “ಮೋಸ!” ಎಂದು ನಾನು ಕೂಗಿಬಿಟ್ಟೆ. ತೀರ್ಪುಗಾರರು ಬಂದು, ಅದು ಕ್ಯಾಸ್ಲಿಂಗ್ ಎಂಬ ಸಾಧುವಾದ ನಡೆಯೆಂದೂ, ರಾಜನಿಗೆ ಕೋಟೆ ಕಟ್ಟುವ ಉಪಾಯವೆಂದೂ ಸಮಾಧಾನದಿಂದ ವಿವರಿಸಿದರು. ಸುತ್ತಲಿದ್ದವರು ನಕ್ಕರು. ಮುಂದಿನ ಅರ್ಧ ಗಂಟೆಯಲ್ಲಿ ನಾನು ಸೋತೆ. ಊರಿಗೆ ಮರಳಿದವನು ಆರು ತಿಂಗಳು ಚದುರಂಗದ ಚೀಲವನ್ನು ಮುಟ್ಟಲಿಲ್ಲ. ಆ ನಡೆ ನನಗೆ ತಿಳಿಯದಿದ್ದುದರಿಂದ ಸೋತೆನೇ ಹೊರತು ಆಟದಲ್ಲಿ ಅಲ್ಲವೆಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ನಮ್ಮ ಊರಿನಲ್ಲಿ ಅರಕಲಗೂಡಿನ ಕಡೆಯವರಾದ ಒಬ್ಬ ನಿವೃತ್ತ ಉಪಾಧ್ಯಾಯರು ನೆಲೆಸಿದ್ದರು. ಒಂದು ದಿನ ಅವರು ನನ್ನನ್ನು ಕರೆದು ಮೀರ್ ಸುಲ್ತಾನ್ ಖಾನನ ಕಥೆಯನ್ನು ಹೇಳಿದರು. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಈತನು ಕಲಿತದ್ದೂ ನಮ್ಮ ಜಗಲಿಯಂಥ ದೇಶೀಯ ಪದ್ಧತಿಯನ್ನೇ. ಉಮರ್ ಹಯಾತ್ ಖಾನ್ ಎಂಬ ಜಮೀನುದಾರರ ಆಶ್ರಯದಲ್ಲಿದ್ದು, ಅವರೊಡನೆ 1929ರಲ್ಲಿ ಲಂಡನ್ನಿಗೆ ಹೋದನು. ಯೂರೋಪಿನ ನಿಯಮಗಳನ್ನು ಅರಗಿಸಿಕೊಂಡು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು. 1932 ಮತ್ತು 1933ರಲ್ಲಿ ಆ ಪದವಿಯನ್ನು ಮತ್ತೆ ಪಡೆದನು. ಜಗತ್ತಿನ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕನನ್ನೂ ಒಮ್ಮೆ ಸೋಲಿಸಿದನು. ಬಳಿಕ ಊರಿಗೆ ಹಿಂದಿರುಗಿ 1966ರಲ್ಲಿ ತೀರಿಕೊಂಡನು. ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಂದದ್ದು 2024ರಲ್ಲಿ. ಆ ಸುದ್ದಿಯನ್ನು ಓದಿದಾಗ ನನಗೆ ಮೇಷ್ಟ್ರು ನೆನಪಾದರು. ಕಥೆ ಮುಗಿದ ಮೇಲೆ ಅವರು ನನ್ನ ಸ್ಪರ್ಧೆಯ ಕಾಗದವನ್ನು ಕೇಳಿದರು. ಹರಿದುಹಾಕಿದೆನೆಂದು ಸುಳ್ಳು ಹೇಳಿದೆ. ಅದು ಗಣಿತದ ಪುಸ್ತಕದೊಳಗೆ ಮಡಿಚಿಕೊಂಡು ಕುಳಿತಿತ್ತು.

ಮೇಷ್ಟ್ರು ಒತ್ತಾಯಿಸಲಿಲ್ಲ. ಅದಕ್ಕೆ ಬದಲಾಗಿ ಒಂದೇ ಒಂದು ಕುದುರೆಯನ್ನು ಮಣೆಯ ಮೂಲೆಯಲ್ಲಿಟ್ಟು, ಒಂದು ಮನೆಯನ್ನೂ ಎರಡು ಬಾರಿ ಮೆಟ್ಟದೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸಿಕೊಂಡು ಬಾ ಎಂದರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಹು ಪ್ರಿಯವಾಗಿದ್ದ ಸಮಸ್ಯೆಯಿದು. ಐದು ವರ್ಷದ ಬಾಲಕನಾಗಿ 1799ರಲ್ಲಿ ಪಟ್ಟಕ್ಕೆ ಬಂದ ಆ ಅರಸರ ಕೈಯಿಂದ 1831ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ಕಸಿದುಕೊಂಡರು. ನಮ್ಮ ಹಾಸನದ ಸೀಮೆಯೂ ಹೀಗೆ ಕಮಿಷನರರ ಆಳ್ವಿಕೆಗೆ ಒಳಪಟ್ಟಿತು. ಆಳುವ ಅಧಿಕಾರವಿಲ್ಲದ ಅರಸರು ಅರಮನೆಯಲ್ಲಿ ಕವಿಗಳಿಗೂ ಕಲಾವಿದರಿಗೂ ಆಶ್ರಯವಿತ್ತರು. ಹಲವು ಬಗೆಯ ಮಣೆಯಾಟಗಳನ್ನು ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಇಂಥ ಆಟಗಳಿಗೇ ಮೀಸಲಾದುದು. ಕುದುರೆಯ ನಡಿಗೆಯಲ್ಲಿ ಅವರು ಅನೇಕ ಬಂಧಗಳನ್ನು ರಚಿಸಿದರು. ರಾಜ್ಯ ಕಳೆದುಕೊಂಡ ರಾಜನೊಬ್ಬನು ಮಣೆಯ ಮೇಲಿನ ಕುದುರೆಗೆ ಎಲ್ಲ ಮನೆಗಳನ್ನೂ ಗೆದ್ದುಕೊಡುತ್ತಿದ್ದನಲ್ಲ ಎಂದು ಯೋಚಿಸಿದಾಗ ಮನಸ್ಸು ಮಿಡಿಯುತ್ತದೆ.

ನನ್ನ ಕುದುರೆ ಐವತ್ತು ಮನೆಗಳವರೆಗೆ ಸಲೀಸಾಗಿ ಓಡಿ, ಆಮೇಲೆ ದಾರಿಗಾಣದೆ ನಿಲ್ಲುತ್ತಿತ್ತು. ವಾರವಿಡೀ ಹೆಣಗಿದೆ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ಕೊನೆಗೆ ಉಳಿಯುತ್ತಿರುವ ಮನೆಗಳು ಯಾವುವು?” ನೋಡಿದರೆ ಪ್ರತಿ ಸಲವೂ ಮೂಲೆ, ಅಂಚುಗಳೇ ಉಳಿದಿದ್ದವು. ನಡುಮಣೆಯಲ್ಲಿ ಕುದುರೆಗೆ ಎಂಟು ದಾರಿಗಳು, ಮೂಲೆಯಲ್ಲಿ ಎರಡೇ. ಸುಲಭವಾದ ಮನೆಗಳನ್ನು ಮೊದಲು ಮುಗಿಸಿ, ಕಷ್ಟದವನ್ನು ನಾನು ಹಿಂದಕ್ಕೆ ತಳ್ಳುತ್ತಿದ್ದೆ. ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೇ ಮೊದಲು ಹೋಗಬೇಕೆಂಬ ಸೂತ್ರವನ್ನು ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬಾತನು 1823ರಲ್ಲಿ ಪ್ರಕಟಿಸಿದ್ದನೆಂದು ಬಹಳ ವರ್ಷಗಳ ಅನಂತರ ಓದಿದೆ. ನೀವೂ ಕಾಗದದ ಮೇಲೆ ಚೌಕ ಬರೆದು ಪ್ರಯತ್ನಿಸಿರಿ. ಸೂತ್ರವನ್ನು ಬಳಸದೆ ಮೊದಲು, ಬಳಸಿ ಅನಂತರ.

ಚದುರಂಗದ ಪ್ರವೀಣರು ಹುಟ್ಟುತ್ತಲೇ ಅಸಾಧಾರಣ ಜ್ಞಾಪಕಶಕ್ತಿಯನ್ನು ಪಡೆದು ಬಂದವರೆಂದು ಜನ ಭಾವಿಸುತ್ತಾರೆ. ಡಚ್ ಮನಶ್ಶಾಸ್ತ್ರಜ್ಞ ದ ಗ್ರೂಟ್ ಎಂಬವರು ಈ ವಿಷಯದಲ್ಲಿ ಶೋಧನೆ ನಡೆಸಿದರು. ಅವರ ದಾರಿಯಲ್ಲಿ ಮುಂದುವರಿದು ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು 1973ರಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗವನ್ನು ಪ್ರಕಟಿಸಿದರು. ಅರ್ಧ ಆಡಿದ್ದ ಆಟವೊಂದರ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿಟ್ಟರು. ಕಾಯಿಗಳನ್ನು ಮತ್ತೆ ಅದೇ ರೀತಿ ಜೋಡಿಸಬೇಕೆಂದರು. ಪ್ರವೀಣನು ಸುಮಾರು ಹದಿನಾರು ಕಾಯಿಗಳನ್ನು ಸರಿಯಾಗಿ ಇಟ್ಟನು. ಹೊಸಬನು ನಾಲ್ಕನ್ನು ಮಾತ್ರ. ಆಮೇಲೆ ಅವೇ ಕಾಯಿಗಳನ್ನು ಅರ್ಥವಿಲ್ಲದಂತೆ ಮಣೆಯ ಮೇಲೆ ಚೆಲ್ಲಿ ತೋರಿಸಿದರು. ಆಗ ಪ್ರವೀಣನ ಹಿರಿಮೆ ಮಾಯವಾಯಿತು! ಅವನಿಗೂ ಮೂರು ನಾಲ್ಕು ಕಾಯಿಗಳಿಗಿಂತ ಹೆಚ್ಚು ನೆನಪಿರಲಿಲ್ಲ. ಚೆಲ್ಲಿದ ಕಾಯಿಗಳಲ್ಲಿಯೂ ಪ್ರವೀಣರಿಗೆ ಅಲ್ಪ ಮೇಲುಗೈ ಇದೆಯೆಂದು ಮುಂದಿನ ಸಂಶೋಧಕರು ತೋರಿಸಿದರು. ಆದರೆ ಮುಖ್ಯ ಮಾತು ಬದಲಾಗಲಿಲ್ಲ. ಪ್ರವೀಣನು ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಕೋಟೆಯೊಳಗಿನ ರಾಜ, ಅದರ ಮುಂದಿನ ಮೂರು ಕಾಲಾಳು, ಪಕ್ಕದ ಆನೆ ಇವೆಲ್ಲ ಅವನಿಗೆ ಒಂದೇ ಗುಂಪು. ನಾವು ‘ಹೊಳೆನರಸೀಪುರ’ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸದೆ ಒಂದೇ ನೋಟಕ್ಕೆ ಓದುವಂತೆಯೇ ಇದು. ಓದು ಬರುವ ಮುಂಚೆ ನಮಗೂ ಅದು ಗೆರೆಗಳ ಗೋಜಲೇ ಆಗಿತ್ತಲ್ಲವೇ? ಅಂಥ ಸಾವಿರಾರು ಗುಂಪುಗಳು ಮನಸ್ಸಿನಲ್ಲಿ ನೆಲೆಗೊಳ್ಳಲು ಹತ್ತು ವರ್ಷಗಳಷ್ಟು ಕಾಲ ಬೇಕಾಗುವುದೆಂದು ಆ ವಿದ್ವಾಂಸರು ಕಂಡರು.

ಕಾಲವೊಂದೇ ಸಾಲದೆಂಬುದಕ್ಕೆ ನಮ್ಮ ಜಗಲಿಯೇ ಸಾಕ್ಷಿ. ಅಲ್ಲಿ ನಲವತ್ತು ವರ್ಷ ಆಡಿದವರಿದ್ದರು. ಮೂವತ್ತೈದು ವರ್ಷಗಳಿಂದ ಅವರ ಆಟ ನಿಂತಲ್ಲೇ ನಿಂತಿತ್ತು. ಬಲ್ಲವರೊಡನೆ ಆಡಿದರೆ ಮಾನ ಹೋಗುವುದೆಂದು ತಮಗಿಂತ ಕಡಿಮೆಯವರನ್ನೇ ಹುಡುಕುತ್ತಿದ್ದರು. ಈಚಿನ ಮಕ್ಕಳಲ್ಲಿ ಈ ಭಯ ಬೇರೆ ವೇಷದಲ್ಲಿ ಬಂದಿದೆ. ಆಟಗಾರರ ಬಲವನ್ನು ಅಳೆಯಲು ಆರ್ಪಾಡ್ ಎಲೊ ಎಂಬವರು ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ 1970ರಲ್ಲಿ ಅಂಗೀಕರಿಸಿತು. ಗೆದ್ದರೆ ಅಂಕ ಏರುವುದು, ಸೋತರೆ ಇಳಿಯುವುದು. ಆ ಅಂಕ ಇಳಿದೀತೆಂದು ಸ್ಪರ್ಧೆಗೇ ಹೋಗದ ಮಕ್ಕಳನ್ನು ನಾನು ಕಂಡಿದ್ದೇನೆ. ಆದರೆ ಆ ಪದ್ಧತಿಯ ಲೆಕ್ಕವೇ ಬೇರೆ ಮಾತನ್ನು ಹೇಳುತ್ತದೆ. ಇನ್ನೂರು ಅಂಕ ಮುಂದಿರುವವನು ನಾಲ್ಕು ಆಟಗಳಲ್ಲಿ ಸರಾಸರಿ ಮೂರು ಅಂಶ ಪಡೆಯುತ್ತಾನೆ; ಉಳಿದ ಒಂದು ದುರ್ಬಲನಿಗೇ ಸಲ್ಲುತ್ತದೆ. ಹಾಸನದಿಂದ ಹೊಳೆನರಸೀಪುರದ ಮೂಲಕ ಸಾಗುವ ರೈಲಿನ ಕೊನೆಗೆ ಮೈಸೂರಿದೆ. ಅಲ್ಲಿನ ಎಂ. ಎಸ್. ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರು ಮೂವತ್ತು ದಾಟಿದ್ದರು. ಹನ್ನೆರಡು ಹದಿಮೂರರ ಬಾಲಕರು ಆ ಪದವಿಗೇರುತ್ತಿರುವ ಕಾಲದಲ್ಲಿ ಅಷ್ಟು ವರ್ಷ ಸೋಲುಗೆಲುವುಗಳ ನಡುವೆ ಮಣೆಯ ಮುಂದೆ ಕುಳಿತಿರುವುದಕ್ಕೆ ಬೇಕಾದ ಗುಣ ಜಾಣತನವೊಂದೇ ಅಲ್ಲ.

ಡಿ. ಗುಕೇಶನ ಹೆಸರು ನಿಮಗೆ ತಿಳಿದದ್ದೇ. 2024ರ ಏಪ್ರಿಲ್‌ನಲ್ಲಿ ಟೊರಾಂಟೊ ನಗರದಲ್ಲಿ ಕ್ಯಾಂಡಿಡೇಟ್ಸ್ ಸ್ಪರ್ಧೆ ನಡೆಯಿತು. ಹದಿನಾಲ್ಕು ಸುತ್ತುಗಳಲ್ಲಿ ಏಳನೆಯದರಲ್ಲಿ ಅವನು ಅಲಿರೇಜಾ ಫಿರೂಜಾನಿಗೆ ಸೋತನು. ಮರುದಿನ ವಿರಾಮ. ಆ ಸೋಲಿನ ಬಳಿಕವೇ ತನ್ನ ಮನಸ್ಸು ಅತ್ಯಂತ ಗಟ್ಟಿಯಾಯಿತೆಂದು ಆತನು ಮುಂದೆ ಹೇಳಿಕೊಂಡನು. ಮತ್ತೆ ಒಂದು ಆಟವನ್ನೂ ಸೋಲದೆ ಸ್ಪರ್ಧೆಯನ್ನು ಗೆದ್ದನು. ಅದೇ ವರ್ಷದ ನವೆಂಬರ್–ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್‌ನೊಡನೆ ನಡೆದ ಜಗತ್ತಿನ ಚಾಂಪಿಯನ್ ಪದವಿಯ ಪಂದ್ಯದಲ್ಲಿಯೂ ಮೊದಲ ಆಟವನ್ನು ಸೋತು, ಕಡೆಗೆ ಏಳೂವರೆ–ಆರೂವರೆ ಅಂಶಗಳಿಂದ ಗೆದ್ದನು. ಆಗ ಅವನಿಗೆ ಹದಿನೆಂಟು ವರ್ಷ.

ನನ್ನ ಕಾಗದದ ವಿಷಯವನ್ನು ಅರ್ಧಕ್ಕೆ ಬಿಟ್ಟೆ. ಕುದುರೆ ಅರವತ್ತನಾಲ್ಕು ಮನೆಗಳನ್ನು ಸುತ್ತಿದ ದಿನ ನಾನು ಅದನ್ನು ಮೇಷ್ಟ್ರ ಮುಂದೆ ಬಿಚ್ಚಿದೆ. ಬರೆಹದಲ್ಲಿ ತಪ್ಪುಗಳಿದ್ದುದರಿಂದ ಕೆಲವು ನಡೆಗಳನ್ನು ಊಹಿಸಬೇಕಾಯಿತು. ಒಂಬತ್ತನೆಯ ನಡೆಗೆ ಬಂದೊಡನೆ, “ಇಲ್ಲಿಯೇ, ಮೇಷ್ಟ್ರೇ, ಕೋಟೆ ಕಟ್ಟಿ ನನ್ನನ್ನು ಕೆಡಿಸಿದ್ದು” ಎಂದೆ. ಅವರು ಮಣೆಯನ್ನು ನನ್ನ ಕಡೆಗೆ ತಿರುಗಿಸಿದರು. ನಾನು ದೀರ್ಘಕಾಲ ನೋಡಿದೆ. ಅಲ್ಲಿ ನನಗೆ ಯಾವ ನಷ್ಟವೂ ಆಗಿರಲಿಲ್ಲ. ಕಾಯಿಗಳು ಸಮವಾಗಿದ್ದವು, ನನ್ನ ಸ್ಥಿತಿಯೇ ಒಂದಿಷ್ಟು ಮೇಲೆಂದು ಅವರು ತೋರಿಸಿದರು. ಹನ್ನೆರಡನೆಯ ನಡೆಯಲ್ಲಿ ನಾನು ಮಂತ್ರಿಯನ್ನು ದೂರ ಕಳಿಸಿ, ಎದುರಾಳಿಯ ಮಂತ್ರಿಯ ಬದಿಯ ಕುದುರೆಯ ಮುಂದಿದ್ದ ಕಾಲಾಳನ್ನು ಹೊಡೆದಿದ್ದೆ. ಆತನ ಆನೆ ಪಕ್ಕಕ್ಕೆ ಒಂದು ಹೆಜ್ಜೆ ಬಂದಿತು, ಒಂಟೆ ದಾರಿ ಕಟ್ಟಿತು, ನನ್ನ ಮಂತ್ರಿಗೆ ಮನೆಗೆ ಮರಳುವ ಹಾದಿ ಇಲ್ಲವಾಯಿತು.

“ಈ ಕಾಲಾಳನ್ನು ಏಕೆ ಹೊಡೆದೆ?” ಎಂದರು.

ನಕ್ಕ ಹುಡುಗರ ಮುಖಗಳು ನನ್ನ ಕಣ್ಣ ಮುಂದೆ ಬಂದವು. ಮೇಷ್ಟ್ರು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ಹನ್ನೆರಡನೆಯ ನಡೆಯ ಪಕ್ಕದಲ್ಲಿ ನಾನು ‘ಸಿಟ್ಟು’ ಎಂದು ಬರೆದೆ. ಅವರು ಕಾಯಿಗಳನ್ನು ಮತ್ತೆ ಹನ್ನೊಂದನೆಯ ನಡೆಯ ಸ್ಥಾನಕ್ಕೆ ತಂದು ನಿಲ್ಲಿಸಿ, “ಈಗ ಆಡು” ಎಂದರು.