ಅಂಕ ಕೊಟ್ಟಾಯಿತು, ಇದನ್ನೂ ಕೇಳಿ

ಮೇಷ್ಟ್ರೇ, ಟೀಚರೇ, ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿ ಮುಗಿಸಿದ ಮೇಲೆ ಮಕ್ಕಳಿಗೆ ಒಂದು ಜೆರಾಕ್ಸ್ ಹಾಳೆ ಹಂಚಿ. ಹೆಸರು ಹಾಕುವುದು ಬೇಡ ಅನ್ನಿ. ‘ಅರ್ಥವಾಗದಿದ್ದರೆ ಕೇಳಲು ಧೈರ್ಯ ಬರುತ್ತದೆಯೇ?’, ‘ಪಕ್ಕದವರು ಸಹಾಯ ಮಾಡುತ್ತಾರೆಯೇ?’, ‘ಉತ್ತರ ಹೇಳಲು ಎಲ್ಲರಿಗೂ ಸಮನಾಗಿ ಅವಕಾಶ ಸಿಗುತ್ತದೆಯೇ?’ ಇಂಥ ಏಳೆಂಟು ಪ್ರಶ್ನೆ ಸಾಕು. ‘ಇಲ್ಲವೇ ಇಲ್ಲ’ದಿಂದ ‘ಯಾವಾಗಲೂ’ವರೆಗೆ ಐದು ಮನೆಗಳಿರಲಿ.

ಇದು ನನ್ನ ಶೋಧವೇನಲ್ಲ. ಆಸ್ಟ್ರೇಲಿಯಾದ ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದ ಬ್ಯಾರಿ ಫ್ರೇಸರ್ ತರಗತಿಯ ವಾತಾವರಣವನ್ನು ಅಳೆಯುವುದರಲ್ಲೇ ದಶಕಗಳನ್ನು ಕಳೆದವರು. ಸಂಗಡಿಗರೊಂದಿಗೆ 1996ರಲ್ಲಿ ಅವರು ರೂಪಿಸಿದ ಪ್ರಶ್ನಾವಳಿ ಹಲವು ದೇಶಗಳಲ್ಲಿ ಬಳಕೆಯಾಗಿದೆ. ಅವರ ಜಾಣತನ ನನಗೆ ಹಿಡಿಸಿದ್ದು ಇಲ್ಲಿ: ಒಂದೇ ಸಂಗತಿಯನ್ನು ಎರಡು ಸಲ ಕೇಳುತ್ತಾರೆ, ಈಗ ಹೇಗಿದೆ, ಹೇಗಿದ್ದರೆ ಚೆನ್ನ. ನೀವೂ ಹಾಗೆಯೇ ಕೇಳಿ; ಎರಡು ಉತ್ತರಗಳ ನಡುವಿನ ಅಂತರ ಎಲ್ಲಿ ದೊಡ್ಡದೋ ಅಲ್ಲಿ ಒಂದೆರಡನ್ನು ಮಾತ್ರ ಎತ್ತಿಕೊಂಡು ತಿದ್ದಿ. ತಿಂಗಳೆರಡು ಕಳೆದು ಮತ್ತೆ ಕೇಳಿ.

ಒಂದು ಎಚ್ಚರಿಕೆ. ಅದೇ ತರಗತಿ ಮಕ್ಕಳಿಗಿಂತ ಶಿಕ್ಷಕರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ತರಗತಿ ವಾತಾವರಣದ ಅಧ್ಯಯನಗಳಲ್ಲಿ ಪದೇಪದೇ ಕಂಡದ್ದು. ಹಾಗಾಗಿ ಫಲಿತಾಂಶ ನೋಡಿ ಮುಖ ಗಂಟಿಕ್ಕಬೇಡಿ. ಬರೆದವರು ಯಾರೆಂದು ಹುಡುಕಲು ಹೊರಟಿರೋ, ಮುಂದಿನ ಸಲ ಹಾಳೆ ತುಂಬ ‘ಯಾವಾಗಲೂ’ ಟಿಕ್‌ಗಳೇ!